ಫೋರ್ಕ್ ತಗ್ಗಿಸಿದ ಮೇಲೆ ಬೈಕ್ ಹ್ಯಾಂಡಲ್ ಕೊಡವುತ್ತಿದೆ, ಯಾಕೆ?

ಪ್ರಶ್ನೆ: ನನ್ನ 600 ಸಿಸಿ ಸ್ಪೋರ್ಟ್ಸ್ ಬೈಕನ್ನು ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುತ್ತೇನೆ. ಸೂಟು, ಬೂಟು, ಹೆಲ್ಮೆಟ್ ಸೇರಿ ನನ್ನ ತೂಕ 70 ಕೆ.ಜಿ. ಹಳೆಯ ರೇಸ್ ಬೈಕುಗಳ ರೇಕ್ 27–28 ಡಿಗ್ರಿ ಇತ್ತು, ಈಗ 23–24ಕ್ಕೆ ಬಂದಿದೆ, ಫ್ರೇಮ್‌ಗಳು ಗಟ್ಟಿಯಾಗುತ್ತಲೇ ಬಂದಿವೆ ಎಂದು ಓದಿ ನಾನೂ ಅದೇ ದಾರಿ ಹಿಡಿದೆ. ಫೋರ್ಕ್ ಟ್ಯೂಬುಗಳನ್ನು ಅವನ್ನು ಹಿಡಿದಿಡುವ ಕ್ಲ್ಯಾಂಪ್‌ನಲ್ಲಿ 15 ಮಿ.ಮೀ. ಮೇಲಕ್ಕೆ ಸರಿಸಿ ಮುಂಭಾಗ ತಗ್ಗಿಸಿದೆ. ಮುಂದಿನ 0.90 (ಕೆ.ಜಿ./ಮಿ.ಮೀ.) ಸ್ಪ್ರಿಂಗ್ ತೆಗೆದು ಗಟ್ಟಿಯಾದ 1.05 ಹಾಕಿದೆ. ಈಗ ನಾನು ಕೂತಾಗ ಮುಂದಿನ ಸ್ಯಾಗ್ (ಭಾರಕ್ಕೆ ಫೋರ್ಕ್ ಕುಸಿಯುವ ಅಳತೆ) 22 ಮಿ.ಮೀ. ಹಿಂದಿನ ಶಾಕ್ ಮುಟ್ಟಿಲ್ಲ. ತಿರುವಿಗೆ ಇಳಿಸುವಾಗ ಬೈಕ್ ಮೊಂಡಾಗಿದೆ, ಸಣ್ಣ ಉಬ್ಬುಗಳ ಮೇಲೆ ಮುಂದಿನ ಚಕ್ರ ಕುಣಿಯುತ್ತದೆ. ಥ್ರಾಟಲ್ ಕೊಟ್ಟು ಹೊರಡುವಾಗ ಲೈನ್ ಬಿಟ್ಟು ಹೊರಗೆ ಹೋಗುತ್ತದೆ, ಹ್ಯಾಂಡಲ್ ಕೊಡವುತ್ತದೆ. ಎಷ್ಟು ಕುಸಿಯಿತೆಂದು ತಿಳಿಯಲು ಫೋರ್ಕ್‌ಗೆ ಕಟ್ಟಿದ ಕೇಬಲ್ ಟೈ ನೋಡಿದರೆ 120 ಮಿ.ಮೀ. ಚಲನೆಯಲ್ಲಿ 40 ಮಿ.ಮೀ. ಬಳಕೆಯೇ ಆಗುತ್ತಿಲ್ಲ, ಹಳೆಯ ಸ್ಪ್ರಿಂಗ್‌ನಲ್ಲಿ 15 ಉಳಿಯುತ್ತಿತ್ತು. ಈಗ ಸ್ಟೀರಿಂಗ್ ಹೆಡ್ ಹತ್ತಿರ ಫ್ರೇಮ್‌ಗೆ ಪಟ್ಟಿ ಬೆಸುಗೆ ಹಾಕಿಸಲೇ? ಆಫ್‌ಸೆಟ್ ಬದಲಿಸಬಹುದಾದ ಕ್ಲ್ಯಾಂಪ್ ಕೊಳ್ಳಲೇ? ಸ್ಟೀರಿಂಗ್ ಡ್ಯಾಂಪರ್ ಬಿಗಿ ಮಾಡಲೇ? ಮೋಟೋಜಿಪಿ ಬೈಕುಗಳಂತೆ ಹಿಂಭಾಗವನ್ನೂ ಇಳಿಸಿದರೆ ಹೇಗೆ?

ಉತ್ತರ: ಮೊದಲು ಒಂದು ಮಾತು. ಬೆಸುಗೆಯವರ ಹತ್ತಿರ ಹೋಗಬೇಡಿ, ಕ್ಲ್ಯಾಂಪ್‌ಗೂ ಇನ್ನೂ ದುಡ್ಡು ಹಾಕಬೇಡಿ. ನಿಮ್ಮ ಬೈಕಿನಲ್ಲಿ ಮುರಿದದ್ದು, ಸೋತದ್ದು ಯಾವುದೂ ಇದ್ದಂತಿಲ್ಲ. ನೀವು ಬರೆದ ಅಂಕಿಗಳಲ್ಲೇ ಉತ್ತರದ ಬಹುಪಾಲು ಇದೆ, ಅದರಲ್ಲೂ ಆ ಕೇಬಲ್ ಟೈನ ಅಳತೆಯಲ್ಲಿ.

ರೇಕ್ ಎಂದರೆ ಸ್ಟೀರಿಂಗ್ ಅಕ್ಷ ಲಂಬರೇಖೆಯಿಂದ ಎಷ್ಟು ಒರಗಿದೆ ಎಂಬ ಕೋನ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ತಾಗುತ್ತದೆ. ಆ ಅಂತರ ಟ್ರೇಲ್. ಚಕ್ರವನ್ನು ನೇರಕ್ಕೆ ಎಳೆದು ತರುವುದು ಈ ಟ್ರೇಲ್. ಕೈಗೆ ಹ್ಯಾಂಡಲ್ ಹಗುರವೋ ಭಾರವೋ ಅನ್ನಿಸುವುದೂ ಬಹುಮಟ್ಟಿಗೆ ಇದರಿಂದಲೇ. ಲೆಕ್ಕ ಸುಲಭ: ಚಕ್ರದ ತ್ರಿಜ್ಯವನ್ನು ರೇಕ್‌ನ ಸೈನ್‌ನಿಂದ ಗುಣಿಸಿ, ಅದರಲ್ಲಿ ಕ್ಲ್ಯಾಂಪ್‌ನ ಆಫ್‌ಸೆಟ್ (ಸ್ಟೀರಿಂಗ್ ಅಕ್ಷಕ್ಕೂ ಫೋರ್ಕ್ ಟ್ಯೂಬುಗಳಿಗೂ ನಡುವಿನ ಅಂತರ) ಕಳೆದು, ಬಂದದ್ದನ್ನು ರೇಕ್‌ನ ಕೊಸೈನ್‌ನಿಂದ ಭಾಗಿಸಿ. 17 ಇಂಚಿನ ಚಕ್ರಕ್ಕೆ ಟೈರ್ ಸೇರಿ ತ್ರಿಜ್ಯ ಸುಮಾರು 300 ಮಿ.ಮೀ., ರೇಕ್ 24 ಡಿಗ್ರಿ, ಆಫ್‌ಸೆಟ್ 30 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 101 ಮಿ.ಮೀ. ರೇಕ್ ಒಂದು ಡಿಗ್ರಿ ಇಳಿದರೆ ಅದು 95ಕ್ಕೆ ಬರುತ್ತದೆ.

ಇದೇ ಲೆಕ್ಕವನ್ನು ಹಳೆಯ ಕಾಲದ ಅಳತೆಗೆ ಹಾಕಿ ನೋಡಿ. 27 ಡಿಗ್ರಿ ರೇಕ್, 310 ಮಿ.ಮೀ. ತ್ರಿಜ್ಯದ ದೊಡ್ಡ ಚಕ್ರ, 60 ಮಿ.ಮೀ. ಆಫ್‌ಸೆಟ್. ಟ್ರೇಲ್ ಬರುವುದು 91 ಮಿ.ಮೀ. ಅಂದರೆ ಮೂರು ಡಿಗ್ರಿ ಹೆಚ್ಚು ಒರಗಿದ ಫೋರ್ಕ್‌ನ ಟ್ರೇಲ್ ಇಂದಿನದಕ್ಕಿಂತ ಕಡಿಮೆಯೇ. ‘ರೇಕ್ ಕಡಿಮೆಯಾದಷ್ಟೂ ಬೈಕ್ ಚುರುಕು’ ಎಂಬ ಮಾತು ಆಫ್‌ಸೆಟ್ಟನ್ನೂ ಚಕ್ರದ ಗಾತ್ರವನ್ನೂ ಬಿಟ್ಟು ಆಡುವ ಮಾತು. ರೇಕ್ ಇಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಸ್ಲಿಕ್ ಟೈರ್, ಆಮೇಲೆ ರೇಡಿಯಲ್ ಟೈರ್ ಬಂದು ಮುಂದಿನ ಚಕ್ರ ಹೆಚ್ಚು ಭಾರ ಹೊರುವ ಶಕ್ತಿ ಪಡೆಯಿತು. ಹಾಗಾಗಿ ಚಕ್ರವನ್ನು ಎಂಜಿನ್‌ಗೆ ಹತ್ತಿರ ತಂದು ಭಾರವನ್ನು ಮುಂದೆ ಹಾಕಿದರು. 70ರ ದಶಕದ ಡುಕಾಟಿ ವಿ-ಟ್ವಿನ್‌ಗಳ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಸುಮಾರು 1,500 ಮಿ.ಮೀ. ಇತ್ತು. 1998ರ ಯಮಾಹಾ ಆರ್1 1,395ಕ್ಕೆ ಬಂತು: ರೇಕ್ 24 ಡಿಗ್ರಿ, ಟ್ರೇಲ್ 92 ಮಿ.ಮೀ. ಆದರೆ ಆರ್1ರ ನಿಜವಾದ ಜಾಣತನ ಅದರ ಗೇರ್‌ಬಾಕ್ಸ್‌ನಲ್ಲಿತ್ತು. ಶಾಫ್ಟ್‌ಗಳನ್ನು ಒಂದರ ಹಿಂದೊಂದು ಇಡುವ ಬದಲು ಮೇಲೆ ಕೆಳಗೆ ಜೋಡಿಸಿ ಎಂಜಿನ್ ಗಿಡ್ಡ ಮಾಡಿದರು. ಉಳಿದ ಜಾಗವನ್ನು ಉದ್ದನೆಯ ಸ್ವಿಂಗ್ ಆರ್ಮ್‌ಗೆ, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿಗೆ, ಕೊಟ್ಟರು. ಅದು ಯಾಕೆ ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ, ನಿಮ್ಮ ಹ್ಯಾಂಡಲ್ ಕೊಡವುವುದಕ್ಕೂ ಅದಕ್ಕೂ ನೇರ ಸಂಬಂಧ ಇದೆ.

ಕಾಗದದ ಮೇಲೆ ಬರೆದ ರೇಕ್ ನಿಂತ ಬೈಕಿನದು. ಓಡುವ ಬೈಕಿನ ರೇಕ್ ಪ್ರತಿ ಕ್ಷಣ ಬದಲಾಗುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಫೋರ್ಕ್ 100 ಮಿ.ಮೀ. ಕುಸಿದು, ಹಿಂಭಾಗ 40 ಮಿ.ಮೀ. ಎದ್ದಿತು ಎನ್ನಿ. 1,400 ಮಿ.ಮೀ. ವೀಲ್‌ಬೇಸಿನ ಬೈಕ್ ಆಗ ಐದು ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ವಾಲುತ್ತದೆ. ರೇಕ್ 24ರಿಂದ ಸುಮಾರು 18.6ಕ್ಕೆ, ಟ್ರೇಲ್ 101ರಿಂದ 69ರ ಆಸುಪಾಸಿಗೆ. ತಿರುವಿಗೆ ಇಳಿಸುವ ಆ ಕ್ಷಣದಲ್ಲಿ ಬೈಕ್ ಮಣಿಯುವುದು ಈ ಕುಸಿತದಿಂದ. ಕಳೆದ ಎಪ್ಪತ್ತು ವರ್ಷಗಳ ರೇಸಿಂಗ್ ಚಾಸಿಯ ಕಥೆಯನ್ನು ನಾನು ಓದುವುದು ಹೀಗೆ: ಸರಿಯಾದ ಒಂದು ಅಂಕಿ ಹುಡುಕುವುದಕ್ಕಿಂತ, ಆ ಅಂಕಿ ಎಲ್ಲಿ ಎಷ್ಟು ಅಲ್ಲಾಡಬೇಕು ಎಂಬುದನ್ನು ಹಿಡಿತಕ್ಕೆ ತರುವುದೇ ದೊಡ್ಡ ಕೆಲಸವಾಗಿತ್ತು.

ಈ ಕುಸಿತವನ್ನೇ ತಡೆಯಲು ಹೊರಟವರೂ ಇದ್ದರು. 1935ರಲ್ಲಿ ಬಿಎಂಡಬ್ಲ್ಯು ಆಯಿಲ್ ಡ್ಯಾಂಪಿಂಗ್ ಇರುವ ಟೆಲಿಸ್ಕೋಪಿಕ್ ಫೋರ್ಕ್ ತಂದಾಗಿನಿಂದ ‘ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತದೆ’ ಎಂಬ ದೂರು ಇದ್ದೇ ಇದೆ. 80ರ ದಶಕದ ಆರಂಭದಲ್ಲಿ ಗ್ರ್ಯಾನ್ ಪ್ರಿ ಬೈಕುಗಳಿಗೆ ಆಂಟಿ-ಡೈವ್ ಬಂತು. ಬ್ರೇಕ್‌ನ ಒತ್ತಡವನ್ನೇ ಬಳಸಿ ಫೋರ್ಕ್‌ನ ಆಯಿಲ್ ದಾರಿಯನ್ನು ಬಿಗಿ ಮಾಡುವ ಏರ್ಪಾಡು. ಕುಸಿತ ಕಡಿಮೆಯಾಯಿತು ನಿಜ. ಆದರೆ ಬ್ರೇಕ್ ಹಿಡಿದಿರುವಾಗಲೇ ಉಬ್ಬು ಎದುರಾದರೆ ಫೋರ್ಕ್ ಮರಗಟ್ಟಿದಂತೆ ನಿಂತು ಚಕ್ರ ಕುಣಿಯುತ್ತಿತ್ತು. ಜೊತೆಗೆ ತಿರುವಿಗೆ ಇಳಿಯಲು ಬೇಕಾದ ರೇಕ್ ಇಳಿಕೆಯೂ ಹೋಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಎಲ್ಫ್ ರೇಸ್ ಬೈಕುಗಳು, ಆಮೇಲೆ ಬಿಮೋಟಾ ಟೆಸಿ ಫೋರ್ಕನ್ನೇ ತೆಗೆದು ಚಕ್ರದ ನಡುವಿನ ಹಬ್‌ನಲ್ಲಿ ಸ್ಟೀರಿಂಗ್ ಇಟ್ಟವು. ಬ್ರೇಕಿನ ಬಲವನ್ನೂ ಸಸ್ಪೆನ್ಷನ್ನನ್ನೂ ಬೇರೆ ಮಾಡಿದ ಸೊಗಸಾದ ಎಂಜಿನಿಯರಿಂಗ್ ಅದು, ಆದರೆ ಗ್ರ್ಯಾನ್ ಪ್ರಿಯಲ್ಲಿ ಫೋರ್ಕೇ ಉಳಿಯಿತು. ಕುಸಿಯುವ ಫೋರ್ಕ್ ರೈಡರ್‌ಗೆ ‘ಇಷ್ಟು ಭಾರ ಬಿದ್ದಿದೆ’ ಎಂದು ತಿಳಿಸುತ್ತದೆ, ಆ ಸುದ್ದಿ ಇಲ್ಲದೆ ಮುಂದಿನ ಟೈರನ್ನು ನಂಬುವುದು ಕಷ್ಟ.

ನಿಮ್ಮ 1.05 ಸ್ಪ್ರಿಂಗ್ ಮಾಡಿರುವುದೂ ಇದನ್ನೇ. ಲೆಕ್ಕ ನೋಡಿ. ಮೊದಲು ಬ್ರೇಕ್‌ನಲ್ಲಿ ಫೋರ್ಕ್ 105 ಮಿ.ಮೀ. ಒಳಗೆ ಹೋಗುತ್ತಿತ್ತು, ಈಗ 80. ಸ್ಪ್ರಿಂಗ್ ಮುಂಭಾಗವನ್ನು 25 ಮಿ.ಮೀ. ಎತ್ತಿ ಹಿಡಿದಿದೆ, ನೀವು ಕ್ಲ್ಯಾಂಪ್‌ನಲ್ಲಿ ತಗ್ಗಿಸಿದ್ದು 15. ಚುರುಕಾಗಬೇಕಾದ ಆ ಜಾಗದಲ್ಲೇ ನಿಮ್ಮ ಬೈಕಿನ ಮುಂಭಾಗ ಮೊದಲಿಗಿಂತ 10 ಮಿ.ಮೀ. ಎತ್ತರದಲ್ಲಿದೆ. ಮೊಂಡಾಗದೆ ಇನ್ನೇನಾದೀತು?

ಇನ್ನು ಹೊರಡುವಾಗಿನ ಸಂಗತಿ. ಥ್ರಾಟಲ್ ಕೊಟ್ಟಾಗ ಭಾರ ಹಿಂದಕ್ಕೆ ಸರಿದು ಹಿಂಭಾಗ ಕೂರಲು ನೋಡುತ್ತದೆ. ಅದನ್ನು ತಡೆಯುವುದು ಸ್ಪ್ರಿಂಗ್ ಒಂದೇ ಅಲ್ಲ. ಸ್ವಿಂಗ್ ಆರ್ಮ್ ಪಿವಟ್‌ನಿಂದ (ಅದು ಫ್ರೇಮ್‌ಗೆ ಸೇರುವ ಕೀಲಿನಿಂದ) ಹಿಂದಿನ ಆಕ್ಸಲ್ ಕಡೆಗೆ ಇಳಿಜಾರಾಗಿದ್ದರೆ, ಚಕ್ರ ಬೈಕನ್ನು ಮುಂದಕ್ಕೆ ನೂಕುವ ಬಲದ ಒಂದು ಪಾಲು ಪಿವಟ್ಟನ್ನು ಮೇಲಕ್ಕೂ ಎತ್ತುತ್ತದೆ. ಚೈನಿನ ಎಳೆತದ ಕೋನ ಅದರ ಜೊತೆ ಸೇರುತ್ತದೆ. ರೇಸ್ ಮೆಕ್ಯಾನಿಕ್‌ಗಳು ಇದನ್ನು ಆಂಟಿ-ಸ್ಕ್ವಾಟ್ ಎನ್ನುತ್ತಾರೆ. ಈ ಇಳಿಜಾರು ಸಾಮಾನ್ಯವಾಗಿ 10ರಿಂದ 13 ಡಿಗ್ರಿ. ಅದರಲ್ಲಿ ಅರ್ಧ ಡಿಗ್ರಿ ಬದಲಾದರೂ ರೈಡರ್‌ಗೆ ತಿಳಿಯುತ್ತದೆ. ಗಿಡ್ಡ ಸ್ವಿಂಗ್ ಆರ್ಮ್‌ನಲ್ಲಿ ಶಾಕ್ ಸ್ವಲ್ಪ ಕುಸಿದರೂ ಕೋನ ಬಹಳ ಬದಲಾಗುತ್ತದೆ, ಉದ್ದನೆಯದರಲ್ಲಿ ಕಡಿಮೆ. ಆರ್1 ಉದ್ದನೆಯ ಆರ್ಮ್‌ಗೆ ಜಾಗ ಮಾಡಿದ್ದು ಇದಕ್ಕೇ.

ನೀವು ಮುಂಭಾಗ ತಗ್ಗಿಸಿದಾಗ ಇಡೀ ಬೈಕ್ ಹಿಂದಿನ ಆಕ್ಸಲ್ ಸುತ್ತ ತಿರುಗಿತು. 15 ಮಿ.ಮೀ.ಗೆ ರೇಕ್ 0.56 ಡಿಗ್ರಿ ಇಳಿಯಿತು. ಪಿವಟ್ ಕೂಡ ತಗ್ಗಿ, ಸ್ವಿಂಗ್ ಆರ್ಮ್‌ನ ಇಳಿಜಾರು ಅಷ್ಟೇ 0.56 ಡಿಗ್ರಿ ಕಡಿಮೆಯಾಯಿತು. ಹಿಂಭಾಗ ಈಗ ಹೆಚ್ಚು ಕೂರುತ್ತದೆ. ಕೂತಾಗ ರೇಕ್ ಮತ್ತೆ ಹೆಚ್ಚಿ, ಮುಂದಿನ ಚಕ್ರದ ಮೇಲಿನ ಭಾರ ಇಳಿದು ಬೈಕ್ ಲೈನ್ ಬಿಟ್ಟು ಹೊರಗೆ ಹೋಗುತ್ತದೆ. ಹೊರಡುವಾಗ ಫೋರ್ಕ್ ಮೇಲೆ ಭಾರ ಅಷ್ಟಿರುವುದಿಲ್ಲವಾದ್ದರಿಂದ ಗಟ್ಟಿ ಸ್ಪ್ರಿಂಗ್ ಎತ್ತಿ ಹಿಡಿಯುವುದೂ ಕಡಿಮೆ. ಹಾಗಾಗಿ 15ರ ಇಳಿಕೆ ಹೆಚ್ಚೂಕಡಿಮೆ ಪೂರ್ತಿಯಾಗಿ ಉಳಿಯುತ್ತದೆ. ಬೇಕಾದ ಕಡೆ ಇಲ್ಲ, ಬೇಡವಾದ ಕಡೆ ಇದೆ. ಇದರ ಮೇಲೆ ಸ್ಯಾಗ್ ಬರೀ 22: ಫೋರ್ಕ್ ಅಷ್ಟು ಹೊರಬಂದರೆ ಮುಗಿಯಿತು, ರಸ್ತೆಯ ತಗ್ಗಿಗೆ ಚಕ್ರವನ್ನು ಇಳಿಬಿಡಲು ಇನ್ನು ಚಲನೆ ಇಲ್ಲ. ಚಕ್ರ ನೆಲ ಬಿಟ್ಟು, ಸ್ವಲ್ಪ ಓರೆಯಾಗಿ ಮತ್ತೆ ನೆಲ ಮುಟ್ಟಿದಾಗಲೆಲ್ಲ ಟ್ರೇಲ್ ಅದನ್ನು ಜಗ್ಗಿ ನೇರ ಮಾಡುತ್ತದೆ. ನಿಮ್ಮ ಕೈಗೆ ಬರುವ ಕೊಡವಿಕೆ ಅದು.

ಓಡುವಾಗಲೇ ಬೈಕನ್ನು ತಗ್ಗಿಸುವ ಮೋಟೋಜಿಪಿಯ ರೈಡ್-ಹೈಟ್ ಸಾಧನ ನೋಡಿ ಹಿಂಭಾಗ ಇಳಿಸಬೇಡಿ. ಅಲ್ಲಿ ಬೈಕ್ ನೆಟ್ಟಗಾದ ಮೇಲೆ, ವೀಲಿ ತಡೆಯಲು, ಆ ಹೊತ್ತಿಗೆ ಮಾತ್ರ ತಗ್ಗಿಸುತ್ತಾರೆ. ಬ್ರೇಕ್ ಹಿಡಿದಾಗ ಅದು ಮತ್ತೆ ಎದ್ದು ನಿಲ್ಲುತ್ತದೆ. ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಲು ರೆಕ್ಕೆಗಳಿವೆ. 2023ರಿಂದ ಓಟದ ನಡುವೆ ಮುಂಭಾಗ ತಗ್ಗಿಸುವ ಸಾಧನವನ್ನು ನಿಷೇಧಿಸಿದರು. 2027ರ ನಿಯಮದಲ್ಲಿ ಇಂಥವು ಯಾವುವೂ ಇಲ್ಲ. ‘ತಗ್ಗಿದಷ್ಟೂ ಒಳ್ಳೆಯದು’ ಎಂಬುದನ್ನು ಹೋಂಡಾ 1984ರಲ್ಲೇ ಪರೀಕ್ಷಿಸಿತ್ತು. ಆ ವರ್ಷದ ಎನ್‌ಎಸ್‌ಆರ್500ರಲ್ಲಿ ಪೆಟ್ರೋಲ್ ಟ್ಯಾಂಕ್ ಎಂಜಿನ್ ಅಡಿಗಿತ್ತು, ಎಕ್ಸಾಸ್ಟ್ ಮೇಲಿತ್ತು. ಬೈಕ್ ಮಣಿಯಲಿಲ್ಲ. 1985ಕ್ಕೆ ಟ್ಯಾಂಕನ್ನು ಮತ್ತೆ ಮೇಲೆ ತಂದರು, ಫ್ರೆಡ್ಡಿ ಸ್ಪೆನ್ಸರ್ ಆ ವರ್ಷ 500 ಸಿಸಿ ಪಟ್ಟ ಗೆದ್ದರು.

ಫ್ರೇಮ್ ಗಟ್ಟಿ ಮಾಡುವ ವಿಚಾರ. ಈ ನಂಬಿಕೆಗೆ ಗಟ್ಟಿ ಬುನಾದಿ ಇದೆ, ಹಾಗಾಗಿಯೇ ಅದು ಇಷ್ಟು ಕಾಲ ಬಾಳಿದೆ. 1950ರಲ್ಲಿ ನಾರ್ಟನ್‌ಗೆ ಬೆಲ್‌ಫಾಸ್ಟ್‌ನ ಮೆಕ್‌ಕ್ಯಾಂಡ್ಲೆಸ್ ಸೋದರರು ಮಾಡಿಕೊಟ್ಟ ಫೆದರ್‌ಬೆಡ್ ಫ್ರೇಮ್, ಎರಡು ಟ್ಯೂಬ್ ಕುಣಿಕೆಗಳು ಮತ್ತು ಸ್ವಿಂಗ್ ಆರ್ಮ್‌ನಿಂದ, ಅದಕ್ಕಿಂತ ಮುಂಚಿನ ಫ್ರೇಮ್‌ಗಳನ್ನೆಲ್ಲ ಹಿಂದೆ ಹಾಕಿತು. ಜೆಫ್ ಡ್ಯೂಕ್ ಅದೇ ವರ್ಷ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ಗೆದ್ದರು. 70ರ ದಶಕದಲ್ಲಿ ಎಂಜಿನ್ ಶಕ್ತಿ, ಟೈರ್ ಹಿಡಿತ ಎರಡೂ ಫ್ರೇಮ್‌ಗಳನ್ನು ಮೀರಿ ಬೆಳೆದವು. ಸುಜುಕಿಯ ಟಿಆರ್750ಗೆ ‘ಫ್ಲೆಕ್ಸಿ ಫ್ಲೈಯರ್’ ಎಂದೇ ಅಡ್ಡಹೆಸರು ಬಿತ್ತು. ಆ ಕಾಲದ ಸೂಪರ್‌ಬೈಕ್‌ಗಳಿಗೆ ಸ್ಟೀರಿಂಗ್ ಹೆಡ್ಡು, ಪಿವಟ್ ಸುತ್ತ ಪಟ್ಟಿ ಬೆಸುಗೆ ಹಾಕಿದ್ದು ನಿಜವಾಗಿ ಫಲ ಕೊಟ್ಟಿತು. ನೀವು ಓದಿದ ಸಲಹೆ ಅಲ್ಲಿಂದ ಬಂದದ್ದು. 80ರ ಆರಂಭದಲ್ಲಿ ಸ್ಪೇನಿನ ಆಂಟೋನಿಯೊ ಕೋಬಾಸ್ ಸ್ಟೀರಿಂಗ್ ಹೆಡ್‌ನಿಂದ ಪಿವಟ್‌ಗೆ ನೇರವಾಗಿ ಎರಡು ಅಲ್ಯೂಮಿನಿಯಂ ತೊಲೆ ಹಾಯಿಸಿದರು. ಯಮಾಹಾ ತನ್ನ ಡೆಲ್ಟಾಬಾಕ್ಸ್ ಫ್ರೇಮ್ ತಂದಿತು. ಫ್ರೇಮ್ ಬಾಗುವ ರೋಗಕ್ಕೆ ಅಲ್ಲಿಗೆ ಮದ್ದು ಸಿಕ್ಕಿತು.

ಗಟ್ಟಿತನ ಅತಿಯಾದಾಗ ಬೇರೆ ರೋಗ ಶುರುವಾಯಿತು. ಬೈಕ್ 60 ಡಿಗ್ರಿ ವಾಲಿದಾಗ ರಸ್ತೆಯ ಉಬ್ಬು ಮೇಲಕ್ಕೆ ಒದ್ದರೆ, ಆ ಒದೆತದ ಅರ್ಧ ಮಾತ್ರ ಸಸ್ಪೆನ್ಷನ್ ಚಲಿಸುವ ದಿಕ್ಕಿನಲ್ಲಿರುತ್ತದೆ. ಸುಮಾರು 87 ಶೇಕಡಾದಷ್ಟು ಬಲ ಅಡ್ಡಕ್ಕೆ ಬೀಳುತ್ತದೆ (ಬಲಗಳನ್ನು ಕೋನದಲ್ಲಿ ಒಡೆದಾಗ ಮೊತ್ತ ನೂರು ಆಗಬೇಕಿಲ್ಲ, ತಪ್ಪು ತಿಳಿಯಬೇಡಿ). ಆ ಅಡ್ಡ ಬಲವನ್ನು ಶಾಕ್ ನುಂಗಲಾರದು. ಟೈರ್, ಫೋರ್ಕ್, ಸ್ವಿಂಗ್ ಆರ್ಮ್, ಫ್ರೇಮ್ ಇವೇ ಸ್ವಲ್ಪ ಅಡ್ಡಕ್ಕೆ ಬಾಗಿ ಸ್ಪ್ರಿಂಗ್‌ನಂತೆ ಕೆಲಸ ಮಾಡಬೇಕು. ಬಾಗದಿದ್ದರೆ ಟೈರ್ ನೆಲ ಬಿಟ್ಟು ಹಾರುತ್ತದೆ, ಬೈಕ್ ಸೆಕೆಂಡಿಗೆ 20 ಸಲದ ಆಸುಪಾಸಿನಲ್ಲಿ ಗಡಗಡ ನಡುಗುತ್ತದೆ. ಅದಕ್ಕೇ ಈಗ ತಿರುಚುವಿಕೆಗೂ ಬ್ರೇಕ್‌ನ ಹೊರೆಗೂ ಗಟ್ಟಿಯಾಗಿ ನಿಲ್ಲುವ, ಅಡ್ಡಕ್ಕೆ ಮಾತ್ರ ಲೆಕ್ಕ ಹಾಕಿ ಬಾಗುವ ಫ್ರೇಮ್ ಮಾಡುತ್ತಾರೆ. ಮುಂದಿನ ಎಂಜಿನ್ ಮೌಂಟ್‌ನ ತೋಳುಗಳನ್ನು ಉದ್ದ, ತೆಳು ಮಾಡುವುದು ಇದರ ಒಂದು ಉಪಾಯ. ಡುಕಾಟಿ 2007ರಲ್ಲಿ ಕೇಸಿ ಸ್ಟೋನರ್ ಜೊತೆ ಪಟ್ಟ ಗೆದ್ದದ್ದು ಉಕ್ಕಿನ ಟ್ಯೂಬುಗಳ ಫ್ರೇಮ್‌ನಲ್ಲಿ. 2009ರಲ್ಲಿ ಕಾರ್ಬನ್ ಫೈಬರ್‌ಗೆ ಹೋಗಿ, 2012ಕ್ಕೆ ಅಲ್ಯೂಮಿನಿಯಂ ತೊಲೆಗಳಿಗೆ ಬಂತು. ಕೆಟಿಎಂ ಉಕ್ಕಿನ ಫ್ರೇಮ್‌ನಲ್ಲೇ 2020ರಲ್ಲಿ ಬ್ರನೋದಲ್ಲಿ ತನ್ನ ಮೊದಲ ಮೋಟೋಜಿಪಿ ರೇಸ್ ಗೆದ್ದಿತು.

ನಿಮ್ಮ ಬೈಕಿನ ಅಲ್ಯೂಮಿನಿಯಂ ಫ್ರೇಮ್‌ಗೆ ಪಟ್ಟಿ ಹಾಕಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಬೆಸುಗೆಯ ಶಾಖಕ್ಕೆ ಹದಗೊಳಿಸಿದ ಅಲ್ಯೂಮಿನಿಯಂ ಆ ಜಾಗದ ಸುತ್ತ ಮೆತ್ತಗಾಗುತ್ತದೆ, ಸ್ಟೀರಿಂಗ್ ಹೆಡ್ ಓರೆಯಾಗಬಹುದು, ಬಿರುಕು ಹುಟ್ಟುವುದೂ ಅಲ್ಲಿಯೇ. ಇದೊಂದನ್ನು ದಯವಿಟ್ಟು ಮಾಡಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಎಲ್ಲವನ್ನೂ ಕಂಪನಿಯ ಅಳತೆಗೆ ತನ್ನಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿದಂತಾದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸದೆ ಬೇರೆ ಯಾವ ಸೆಟ್ಟಿಂಗೂ ಅರ್ಥವಿಲ್ಲ. ಫೋರ್ಕ್ ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗಿ, ಸ್ವಿಂಗ್ ಆರ್ಮ್ ಅಡ್ಡಕ್ಕೆ ಜಗ್ಗಿ ಆಟ ನೋಡಿ. ಚಕ್ರಗಳ ನೇರ, ಟೈರ್ ಒತ್ತಡ, ಟೈರ್ ಸವೆತ ನೋಡಿ.

ಆಮೇಲೆ 1.05 ತೆಗೆದು 0.90 ಹಾಕಿ; ಬ್ರೇಕ್ ಬಲವಾಗಿ ಹಿಡಿಯುವವರಾದರೆ 0.95. 70 ಕೆ.ಜಿ.ಗೆ ಅದಕ್ಕಿಂತ ಹೆಚ್ಚು ಬೇಡ. ಸ್ಯಾಗ್ ಅಳೆಯಲು ಮೂವರು ಬೇಕು. ಚಕ್ರ ಪೂರ್ತಿ ಗಾಳಿಯಲ್ಲಿದ್ದಾಗ ಒಂದು ಅಳತೆ. ನೀವು ರೈಡಿಂಗ್ ಭಂಗಿಯಲ್ಲಿ ಕೂತ ಮೇಲೆ ಮುಂಭಾಗವನ್ನು ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು ಒಂದು ಅಳತೆ, ಮೇಲಕ್ಕೆ ಎತ್ತಿ ಮೆಲ್ಲಗೆ ಬಿಟ್ಟು ಇನ್ನೊಂದು. ಈ ಎರಡರ ಸರಾಸರಿಯನ್ನು ಮೊದಲ ಅಳತೆಯಿಂದ ಕಳೆಯಿರಿ. ಈ ಎರಡರ ನಡುವೆ 10 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಫೋರ್ಕ್ ಒಳಗೆ ಘರ್ಷಣೆ ಹೆಚ್ಚಿದೆ: ಸೀಲ್, ಬುಷ್, ಇಲ್ಲವೇ ಆಕ್ಸಲ್ ಬಿಗಿಯುವಾಗ ಕಾಲುಗಳು ಸಮಾನಾಂತರ ತಪ್ಪಿವೆ. ನೀವು ಕೂತಾಗ ಮುಂದೆ 33–37, ಹಿಂದೆ 28–32 ಮಿ.ಮೀ. ಇರಲಿ. ನೀವಿಲ್ಲದೆ ಬೈಕ್ ತನ್ನ ಭಾರಕ್ಕೇ ಹಿಂದೆ 5–10 ಕುಸಿಯಬೇಕು. ಕೂತಾಗಿನ ಅಳತೆ ಸರಿಯಿದ್ದೂ ಈ ಬರಿಯ ಕುಸಿತ ಇಲ್ಲವೇ ಇಲ್ಲ ಎಂದಾದರೆ ಸ್ಪ್ರಿಂಗ್ ಮೆತ್ತಗಿದ್ದು ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಪ್ರಮಾಣ) ಅತಿಯಾಗಿದೆ ಎಂದರ್ಥ. ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ಎತ್ತರದಲ್ಲಿ ನಿಲ್ಲುತ್ತದೆ ಅಷ್ಟೇ.

ಈಗ ರೇಕ್. ಫೋರ್ಕನ್ನು 15ರ ಬದಲು 5 ಮಿ.ಮೀ. ಮಾತ್ರ ಮೇಲೆ ಸರಿಸಿ. ಹಿಂದಿನ ಶಾಕ್‌ನ ಮೇಲಿನ ಮೌಂಟ್‌ಗೆ 3 ಮಿ.ಮೀ. ಶಿಮ್ (ತೆಳು ಬಿಲ್ಲೆ) ಹಾಕಿ, ಲಿಂಕೇಜ್‌ನ ಅನುಪಾತ (ಶಾಕ್‌ನ ಚಲನೆಗೆ ಚಕ್ರ ಎಷ್ಟು ಪಟ್ಟು ಚಲಿಸುತ್ತದೆ ಎಂಬುದು) ಎರಡರ ಆಸುಪಾಸಿನಲ್ಲಿದ್ದರೆ ಹಿಂಭಾಗ ಸುಮಾರು 6 ಮಿ.ಮೀ. ಏಳುತ್ತದೆ. ರೇಕ್ 0.43 ಡಿಗ್ರಿ ಇಳಿಯುತ್ತದೆ, ನಿಮ್ಮ ಈಗಿನ 0.56ಕ್ಕೆ ಹತ್ತಿರವೇ. ಆದರೆ 580 ಮಿ.ಮೀ.ನ ಸ್ವಿಂಗ್ ಆರ್ಮ್ ಎಂದುಕೊಂಡರೆ ಅದರ ಇಳಿಜಾರು ಕಡಿಮೆಯಾಗುವ ಬದಲು 0.16 ಡಿಗ್ರಿ ಹೆಚ್ಚುತ್ತದೆ. ಎರಡು ದಾರಿಗಳ ನಡುವೆ ಮುಕ್ಕಾಲು ಡಿಗ್ರಿಯಷ್ಟು ವ್ಯತ್ಯಾಸ. ಇದಕ್ಕೂ ಬೆಲೆ ಇದೆ: ಹಿಂಭಾಗ ಎತ್ತಿದಷ್ಟೂ ಬ್ರೇಕ್‌ನಲ್ಲಿ ಹಿಂದಿನ ಚಕ್ರ ಬೇಗ ಹಗುರಾಗುತ್ತದೆ, ಆಂಟಿ-ಸ್ಕ್ವಾಟ್ ಅತಿಯಾದರೆ ಥ್ರಾಟಲ್ ಕೊಟ್ಟಾಗ ಹಿಂದಿನ ಟೈರ್ ಕಚ್ಚದೆ ಜಾರುತ್ತದೆ. ಒಂದು ಸಲಕ್ಕೆ ಒಂದು ಶಿಮ್ಮಿಗಿಂತ ಹೆಚ್ಚು ಹಾಕಬೇಡಿ. ಮುಂದಿನ ಸ್ಪ್ರಾಕೆಟ್‌ನ ಒಂದು ಹಲ್ಲು ಕಡಿಮೆ ಮಾಡಿದರೂ ಚೈನಿನ ಕೋನ ಬದಲಾಗಿ ಆಂಟಿ-ಸ್ಕ್ವಾಟ್ ಹೆಚ್ಚುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಫೋರ್ಕ್ ಎಷ್ಟೇ ತಗ್ಗಿಸಿದರೂ, ಸ್ಪ್ರಿಂಗ್ ಹೊರತೆಗೆದು ಪೂರ್ತಿ ಕುಸಿದ ಸ್ಥಿತಿಯಲ್ಲಿ ಟೈರು, ಮಡ್‌ಗಾರ್ಡ್ ರೇಡಿಯೇಟರ್‌ಗೆ ತಾಗುವುದಿಲ್ಲ ಎಂದು ಒಮ್ಮೆ ಕಣ್ಣಾರೆ ನೋಡಿ. ಕೇಬಲ್ ಟೈ ನಿಜವಾಗಿ ಎಲ್ಲಿ ಕೊನೆ ಮುಟ್ಟುತ್ತದೆ ಎಂದು ಆಗಲೇ ಗುರುತು ಹಾಕಿಕೊಳ್ಳಿ. ಜೋರು ಬ್ರೇಕ್‌ನಲ್ಲಿ ಆ ಗುರುತಿಗೆ 10–15 ಮಿ.ಮೀ. ಉಳಿಯಲಿ. ಅದಕ್ಕಿಂತ ಕಡಿಮೆ ಉಳಿದರೆ ಸ್ಪ್ರಿಂಗ್ ಬದಲಿಸುವ ಮುನ್ನ ಆಯಿಲ್ ಮಟ್ಟವನ್ನು 5 ಮಿ.ಮೀ. ಏರಿಸಿ ನೋಡಿ, ಒಳಗಿನ ಗಾಳಿ ಕೊನೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಸ್ಪ್ರಿಂಗ್‌ನಂತೆ ಗಟ್ಟಿಯಾಗುತ್ತದೆ, ಮೇಲಿನ ಭಾಗದ ಮೆದುತನ ಹಾಗೇ ಉಳಿಯುತ್ತದೆ. ಡ್ಯಾಂಪಿಂಗ್ ಕೊನೆಯಲ್ಲಿ. ಪೂರ್ತಿ ಬಿಗಿದ ಸ್ಥಾನದಿಂದ ಕ್ಲಿಕ್ ಎಣಿಸಿ, ಒಮ್ಮೆಗೆ ಒಂದೇ ತಿರುಪು, ಎರಡೇ ಕ್ಲಿಕ್, ಬರೆದಿಟ್ಟುಕೊಂಡು.

ಆಫ್‌ಸೆಟ್ ಕ್ಲ್ಯಾಂಪ್ ಒಳ್ಳೆಯ ಸಾಧನವೇ. 3 ಮಿ.ಮೀ. ಆಫ್‌ಸೆಟ್ ಕಡಿಮೆ ಮಾಡಿದರೆ ಟ್ರೇಲ್ ಸುಮಾರು 3.3 ಹೆಚ್ಚುತ್ತದೆ, ಸ್ವಿಂಗ್ ಆರ್ಮ್ ಅಲುಗುವುದಿಲ್ಲ. ಆದರೆ ಅದು ಮೇಲಿನದೆಲ್ಲ ಆದ ಮೇಲೆ, ಇನ್ನೂ ಬೇಕೆನಿಸಿದರೆ. ಸ್ಟೀರಿಂಗ್ ಡ್ಯಾಂಪರ್ ವಿಷಯದಲ್ಲಿ ಎಚ್ಚರ. ಹ್ಯಾಂಡಲ್ ಮಾತ್ರ ಸೆಕೆಂಡಿಗೆ 4ರಿಂದ 10 ಸಲ ಕೊಡವಿದರೆ ಡ್ಯಾಂಪರ್ ತಡೆಯುತ್ತದೆ. ಇಡೀ ಬೈಕ್ ಸೆಕೆಂಡಿಗೆ ಎರಡು ಮೂರು ಸಲ ಹಾವಿನಂತೆ ಹೊರಳುವುದು ಬೇರೆ. ಡ್ಯಾಂಪರ್ ಅತಿ ಬಿಗಿಯಾದರೆ ಹೆಚ್ಚು ವೇಗದಲ್ಲಿ ಅದೇ ಹೊರಳಾಟ ಶುರುವಾಗಬಹುದು, ಅದನ್ನು ಹ್ಯಾಂಡಲ್‌ನಿಂದ ಹಿಡಿದು ನಿಲ್ಲಿಸಲಾಗದು. ಡ್ಯಾಂಪರ್ ಇರಲಿ, ಅತಿ ಸಡಿಲ ಸ್ಥಾನದಿಂದ ಶುರು ಮಾಡಿ. ಹೊಸ ಸೆಟ್ಟಿಂಗ್‌ನಲ್ಲಿ ಮೊದಲ ನಾಲ್ಕೈದು ಸುತ್ತು ಮುಕ್ಕಾಲು ವೇಗದಲ್ಲೇ ಹೋಗಿ. ಹೊರಡುವಾಗಿನ ಕೊಡವಿಕೆ ಆಗಲೂ ಉಳಿದಿದ್ದರೆ ಫೋರ್ಕ್ ಬಿಟ್ಟು ಹಿಂದಿನ ಶಾಕ್ ನೋಡಿ: ಆಯಿಲ್ ಸೋರಿದೆಯೇ, ಸೀಟು ಒತ್ತಿ ಬಿಟ್ಟಾಗ ಒಂದೇ ಏಟಿಗೆ ಪುಟಿದು ಎದ್ದು ಬರುತ್ತದೆಯೇ. ಹಾಗೆ ಪುಟಿದರೆ ಅದರ ರಿಬೌಂಡ್ ಡ್ಯಾಂಪಿಂಗ್ (ಪುಟಿದೇಳುವುದನ್ನು ನಿಧಾನಿಸುವ ಏರ್ಪಾಡು) ಸೋತಿದೆ. ಕ್ಲಿಕ್‌ನಿಂದ ಅದು ಸರಿಹೋಗುವುದಿಲ್ಲ, ಶಾಕ್ ಬಿಚ್ಚಿಸಿ ಆಯಿಲು, ಸೀಲು ಬದಲಿಸಿ ಮತ್ತೆ ಗ್ಯಾಸ್ ತುಂಬಿಸಬೇಕು.